ಕಡಲ್ಗಳ್ಳರು, ಗುಲಾಮರು ಮತ್ತು ನಮ್ಮ ಘಟ್ಟದ ದಾರಿ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿದ ದೇವಾಲಯದಲ್ಲಿ ನಿಂತು ದೇವರನ್ನು ಸ್ತುತಿಸುವುದೂ ಹಿರಿಯರನ್ನು ನೆನೆಯುವುದೂ ನಮ್ಮೆಲ್ಲರ ಕರ್ತವ್ಯ. ದೇವಾಲಯದ ಕಟ್ಟಡ, ಗಂಟೆಗೋಪುರ, ಶಾಲೆ ಇವುಗಳ ಚರಿತ್ರೆಯನ್ನು ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ಆದುದರಿಂದ ನಾವು ಇಂದು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದು ಸಮುದ್ರದ ವಿಷಯ. ಘಟ್ಟದ ನೆತ್ತಿಯಲ್ಲಿ, ಮಳೆ ಮಂಜುಗಳ ನಡುವೆ ಬಾಳುವ ನಮಗೆ ಸಮುದ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು.

ನಮ್ಮ ಕಣಕುಂಬಿಯ ನೀರನ್ನೇ ನೋಡಿರಿ. ಇಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಅದೇ ಕಣಕುಂಬಿಯ ಬಳಿಯ ಕಳಸಾ ಹಳ್ಳವಾದರೋ ಪಶ್ಚಿಮಕ್ಕೆ ತಿರುಗಿ ಮಹದಾಯಿಗೆ ಸೇರುತ್ತದೆ. ಗೋವೆಯಲ್ಲಿ ಆ ನದಿಗೇ ಮಾಂಡವಿ ಎಂದು ಹೆಸರು. ಹಳೆಯ ಗೋವೆಯ ಬಂದರುಕಟ್ಟೆ ಇದ್ದುದು ಈ ಮಾಂಡವಿಯ ದಡದಲ್ಲಿ. ಆಫ್ರಿಕೆಯಿಂದ ಹಡಗಿನಲ್ಲಿ ತಂದ ಗುಲಾಮರು ಮೊದಲು ಕಾಲಿಟ್ಟುದು ಆ ದಡದ ಮೇಲೆಯೇ. ನೀರು ಇಳಿದುಹೋದ ದಿಕ್ಕಿನಿಂದ ಮನುಷ್ಯರು ಮೇಲೇರಿ ಬಂದರು. ಸಮುದ್ರದ ಕಥೆ ಹೀಗೆ ನಮ್ಮ ಬಾಗಿಲಿಗೆ ಬಂದಿದೆ.

ಈ ವಿಷಯವನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಉಂಟು. ನಾವು ಗುರುಮಠದಿಂದ ಹೊರಬಂದ ಹೊಸತರಲ್ಲಿ ಕಾಡಿನ ನಡುವಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದೆವು. ಭಾನುವಾರದ ಬಲಿಪೂಜೆಗೆ ಸಿದ್ದಿ ಜನರು ಹಲವು ಮೈಲಿ ನಡೆದು ಬರುತ್ತಿದ್ದರು. ಬಂದವರು ಬಾಗಿಲ ಬಳಿಯೇ ನಿಲ್ಲುತ್ತಿದ್ದರು. ಅದು ಅವರ ವಿನಯವೆಂದು ನಾವು ತಿಳಿದಿದ್ದೆವು. ಒಂದು ದಿನ ಅವರಲ್ಲಿ ಒಬ್ಬ ವೃದ್ಧೆ ನಮ್ಮನ್ನು ತಡೆದು, “ಪಾದ್ರಿಗಳೇ, ನೀವು ಓದಿದವರು. ನಾವು ಎಲ್ಲಿಂದ ಬಂದವರು, ಹೇಳಿ” ಎಂದು ಕೇಳಿದಳು. “ಅಜ್ಜೀ, ನಾವೆಲ್ಲರೂ ದೇವರಿಂದ ಬಂದವರು” ಎಂದೆವು. ಆಕೆ ನಕ್ಕು, “ಅದು ನನಗೂ ಗೊತ್ತು. ಯಾವ ಊರಿಂದ ಅಂತ ಕೇಳಿದೆ” ಎಂದಳು. ಲತೀನ್ ಭಾಷೆ, ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಕಲಿತು ಬಂದಿದ್ದ ನಮ್ಮ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಆ ಪ್ರಶ್ನೆ ನಮಗೆ ಎಂದೂ ಹೊಳೆದೇ ಇರಲಿಲ್ಲ. ಇಂದಿನ ಈ ಮಾತುಗಳು ಆ ಅಜ್ಜಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಕಡಲ್ಗಳ್ಳರ ವಿಷಯ. ಸಂತ ಅಗಸ್ಟಿನರು ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಸೆರೆಸಿಕ್ಕ ಕಡಲ್ಗಳ್ಳನೊಬ್ಬನನ್ನು ಅಲೆಕ್ಸಾಂಡರ್ ಚಕ್ರವರ್ತಿ ಗದರಿಸಿದಾಗ ಅವನು ಅಂಜಲಿಲ್ಲವಂತೆ. ತಾನು ಒಂದು ಚಿಕ್ಕ ದೋಣಿಯಲ್ಲಿ ಮಾಡುವುದನ್ನೇ ಚಕ್ರವರ್ತಿ ದೊಡ್ಡ ನೌಕಾಪಡೆಯೊಡನೆ ಮಾಡುತ್ತಿದ್ದಾನೆ. ಆದುದರಿಂದ ತನಗೆ ಕಳ್ಳನೆಂಬ ಹೆಸರು, ಅವನಿಗೆ ಚಕ್ರವರ್ತಿಯೆಂಬ ಹೆಸರು ಎಂದನಂತೆ. ನಮ್ಮ ಪಶ್ಚಿಮ ಕರಾವಳಿಯ ಚರಿತ್ರೆಯನ್ನು ಓದುವವರಿಗೆ ಈ ಕಥೆ ಮತ್ತೆ ಮತ್ತೆ ನೆನಪಾಗುತ್ತದೆ.

ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ‘ಕಾರ್ತಾಜ್’ ಎಂಬ ರಹದಾರಿ ಚೀಟಿಯನ್ನು ಜಾರಿಗೆ ತಂದರು. ಅವರಿಗೆ ಹಣ ತೆತ್ತು ಆ ಚೀಟಿಯನ್ನು ಪಡೆಯದ ಹಡಗನ್ನು ಹಿಡಿದು ಸರಕನ್ನು ದೋಚಬಹುದಾಗಿತ್ತು. ತಲೆತಲಾಂತರದಿಂದ ಎಲ್ಲರೂ ಸ್ವತಂತ್ರವಾಗಿ ಸಂಚರಿಸುತ್ತಿದ್ದ ಕಡಲಿಗೆ ಹೀಗೆ ಒಡೆಯರು ಹುಟ್ಟಿಕೊಂಡರು. ಅವರ ಅಪ್ಪಣೆಯಿಲ್ಲದೆ ಸಾಗಿದವರು ಕಳ್ಳರೆನಿಸಿಕೊಂಡರು. ಕಲ್ಲಿಕೋಟೆಯ ಸಾಮೂದಿರಿಯ ನೌಕಾಧಿಪತಿಗಳಾಗಿದ್ದ ಕುಂಜಾಲಿ ಮರಕ್ಕಾರರನ್ನು ಪೋರ್ಚುಗೀಸರು ಕಡಲ್ಗಳ್ಳರೆಂದೇ ಕರೆದರು. ಅವರಲ್ಲಿ ಕೊನೆಯವನನ್ನು ೧೬೦೦ರಲ್ಲಿ ಗೋವೆಗೆ ಒಯ್ದು ಕೊಂದರು. ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆ ತಾನೂ ರಹದಾರಿ ಚೀಟಿಗಳನ್ನು ಕೊಡತೊಡಗಿದಾಗ ಇಂಗ್ಲಿಷರು ಅವನನ್ನೂ ಕಡಲ್ಗಳ್ಳನೆಂದರು. ಪೋರ್ಚುಗೀಸರು ಮಾಡಿದರೆ ಸುಂಕ, ಆಂಗ್ರೆ ಮಾಡಿದರೆ ಸುಲಿಗೆ!

ಹಾಗೆಂದು ನಿಜವಾದ ಕಡಲ್ಗಳ್ಳರು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ವ್ಯಾಪಾರಿಗಳ ಬದುಕನ್ನು ಮುಳುಗಿಸಿದ, ಯಾತ್ರಿಕರನ್ನು ಹಿಂಸಿಸಿದ ದುಷ್ಟರು ಇದ್ದೇ ಇದ್ದರು. ಆದರೆ ಅವರನ್ನು ಅಡಗಿಸಲು ಹೊರಟವರ ಕೈಗಳೂ ಶುದ್ಧವಾಗಿರಲಿಲ್ಲ. ವಿಲಿಯಂ ಕಿಡ್ ಎಂಬ ನಾವಿಕನು ಕಡಲ್ಗಳ್ಳರನ್ನು ಹಿಡಿಯುವುದಕ್ಕಾಗಿಯೇ ೧೬೯೬ರಲ್ಲಿ ಇಂಗ್ಲೆಂಡಿನ ದೊರೆಯ ಸನ್ನದನ್ನು ಪಡೆದು ಹೊರಟನು. ಮರುವರ್ಷ ನಮ್ಮ ನೆರೆಯ ಕಾರವಾರದಲ್ಲಿ, ಇಂಗ್ಲಿಷರ ವ್ಯಾಪಾರದ ಕೋಠಿಯಿದ್ದ ಬಂದರಿನಲ್ಲಿ, ನೀರು ಮತ್ತು ಸೌದೆಗಾಗಿ ಲಂಗರು ಹಾಕಿದನು. ಕೊನೆಗೆ ಅವನೇ ಹಡಗುಗಳನ್ನು ದೋಚಿ, ೧೭೦೧ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದನು. ಮುಂದೆ ೧೮೧೨ರಲ್ಲಿ ಕಡಲ್ಗಳ್ಳತನವನ್ನು ಅಡಗಿಸುವ ಹೆಸರಿನಲ್ಲಿ ಇಂಗ್ಲಿಷರು ಕೊಲ್ಲಾಪುರದ ರಾಜನಿಂದ ಮಾಲವಣವನ್ನೂ ಸಾವಂತವಾಡಿಯವರಿಂದ ವೆಂಗುರ್ಲೆಯನ್ನೂ ಪಡೆದುಕೊಂಡರು. ಕಳ್ಳತನ ಅಡಗಿತು, ಜೊತೆಗೆ ಬಂದರುಗಳೂ ಕೈಸೇರಿದವು.

ಇನ್ನು ಗುಲಾಮರ ವ್ಯಾಪಾರ. ಇಲ್ಲಿ ನಮ್ಮ ಮಾತು ಕಷ್ಟವಾಗುತ್ತದೆ, ಏಕೆಂದರೆ ಇದು ನಮ್ಮ ಮನೆಯ ಮಾತು. ಕಾರ್ತಾಜ್ ಇಲ್ಲದ ದೋಣಿ ಕಳ್ಳದೋಣಿಯಾಗಿದ್ದ ಕಾಲದಲ್ಲಿ, ಮೊಜಾಂಬಿಕ್‌ನಿಂದ ಮನುಷ್ಯರನ್ನು ತುಂಬಿಕೊಂಡು ಬಂದ ಹಡಗು ಧರ್ಮಬದ್ಧವಾದ ವ್ಯಾಪಾರದ ಹಡಗಾಗಿತ್ತು. ೧೫೮೩ರಿಂದ ಕೆಲವು ವರ್ಷ ಗೋವೆಯ ಮಹಾಧರ್ಮಾಧ್ಯಕ್ಷರ ಬಳಿ ಕಾರಕೂನನಾಗಿದ್ದ ಲಿನ್ಸ್‌ಖೋಟನ್ ಎಂಬ ಡಚ್ಚನು ಅಲ್ಲಿಯ ದೊಡ್ಡ ಬೀದಿಯ ಹರಾಜನ್ನು ವರ್ಣಿಸಿದ್ದಾನೆ. ದಿನವೂ ಬೆಳಗಿನ ಹೊತ್ತು ನಡೆಯುತ್ತಿದ್ದ ಆ ಹರಾಜಿನಲ್ಲಿ ಕುದುರೆಗಳೊಡನೆ ಗಂಡು ಹೆಣ್ಣು ಗುಲಾಮರೂ ಮಾರಾಟವಾಗುತ್ತಿದ್ದರು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಮಾತ್ರ ಹರಾಜಿಗೆ ಬಿಡುವು. ಪ್ರಿಯರೇ, ಆ ಬಿಡುವಿನ ಅರ್ಥವನ್ನು ಸ್ವಲ್ಪ ಯೋಚಿಸಿರಿ. ಶನಿವಾರ ಮನುಷ್ಯನನ್ನು ಕೊಂಡವನು ಭಾನುವಾರ ದೇವಾಲಯದಲ್ಲಿ ಮೊಣಕಾಲೂರಿದನು. ಕೊಳ್ಳಲ್ಪಟ್ಟವನಿಗೂ ದೀಕ್ಷಾಸ್ನಾನ ಕೊಟ್ಟು ಕ್ರೈಸ್ತನ ಹೆಸರಿಟ್ಟರು. ಒಂದೇ ಜಲದಿಂದ ಹುಟ್ಟಿದ ಇಬ್ಬರಲ್ಲಿ ಒಬ್ಬನು ಒಡೆಯ, ಇನ್ನೊಬ್ಬನು ಸರಕು.

ಧರ್ಮಸಭೆ ಏನು ಮಾಡಿತು? ಸತ್ಯವನ್ನು ಮುಚ್ಚಿಡದೆ ಹೇಳಬೇಕು. ೧೪೫೨ ಮತ್ತು ೧೪೫೫ರಲ್ಲಿ ಜಗದ್ಗುರು ಐದನೆಯ ನಿಕೊಲಾಸರು ಪೋರ್ಚುಗಲ್ಲಿನ ದೊರೆಗೆ ಕೊಟ್ಟ ಪತ್ರಗಳು ಕ್ರೈಸ್ತೇತರರನ್ನು ದಾಸ್ಯಕ್ಕೆ ಒಳಪಡಿಸಲು ಅನುಮತಿ ನೀಡಿದವು. ೧೫೩೭ರಲ್ಲಿ ಮೂರನೆಯ ಪೌಲರು ಅಮೆರಿಕದ ಮೂಲನಿವಾಸಿಗಳನ್ನಾಗಲಿ ಬೇರೆ ಯಾವ ಜನರನ್ನಾಗಲಿ ಗುಲಾಮರನ್ನಾಗಿಸಕೂಡದೆಂದು ಸಾರಿದರು. ೧೫೬೭ರಲ್ಲಿ ಗೋವೆಯಲ್ಲಿ ಸೇರಿದ ಮೊದಲ ಪ್ರಾಂತೀಯ ಧರ್ಮಸಭೆಯು ಯಾವ ಗುಲಾಮಗಿರಿ ನ್ಯಾಯ, ಯಾವುದು ಅನ್ಯಾಯ ಎಂದು ವಿಂಗಡಿಸಿತು. ಅನ್ಯಾಯವಾಗಿ ಹಿಡಿದವರನ್ನು ಬಿಡಬೇಕೆಂದಿತು. ಆದರೆ ಗುಲಾಮಗಿರಿಯೇ ಅನ್ಯಾಯ ಎನ್ನಲು ಅದಕ್ಕೆ ಬಾಯಿ ಬರಲಿಲ್ಲ. ೧೮೩೯ರಲ್ಲಿ ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಕಠಿಣವಾಗಿ ಖಂಡಿಸಿದರು. ೧೯೯೨ರಲ್ಲಿ ಎರಡನೆಯ ಜಾನ್ ಪೌಲರು ಆಫ್ರಿಕೆಯ ಗೊರೆ ದ್ವೀಪದಲ್ಲಿ, ಗುಲಾಮರನ್ನು ಹಡಗೇರಿಸುತ್ತಿದ್ದ ಮನೆಯಲ್ಲಿ ನಿಂತು ಕ್ಷಮೆ ಬೇಡಿದರು. ೨೦೨೩ರಲ್ಲಿ ವ್ಯಾಟಿಕನ್, ಪರದೇಶಗಳನ್ನು ಕಂಡವರಿಗೇ ಅವು ಸೇರುತ್ತವೆಂಬ ಹಳೆಯ ವಾದವನ್ನು ಬಹಿರಂಗವಾಗಿ ನಿರಾಕರಿಸಿತು. ಹಡಗೇರಿದವರಿಗೆ ಇದೆಲ್ಲವೂ ತಡವಾಯಿತು.

ಸರಕಾರಗಳ ನಡೆಯೂ ಹಾಗೆಯೇ. ಬ್ರಿಟನ್ ೧೮೦೭ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ೧೮೨೪ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಮುದ್ರದ ಮೇಲೆ ಗುಲಾಮರನ್ನು ಸಾಗಿಸುವುದೇ ಕಡಲ್ಗಳ್ಳತನವೆಂದು ಕಾನೂನು ಮಾಡಿತು. ಇದು ಸಾಮಾನ್ಯ ಮಾತಲ್ಲ. ನಿನ್ನೆಯವರೆಗೆ ಚೀಟಿಯಿಲ್ಲದ ದೋಣಿ ಕಳ್ಳದೋಣಿಯಾಗಿತ್ತು. ಇಂದು ಮನುಷ್ಯರನ್ನು ಹೊತ್ತ ದೋಣಿ ಕಳ್ಳದೋಣಿಯಾಯಿತು. ಪೋರ್ಚುಗಲ್ ೧೮೩೬ರಲ್ಲಿ ತನ್ನ ಅಧೀನದ ಪ್ರದೇಶಗಳಿಂದ ಗುಲಾಮರ ಸಾಗಣೆಯನ್ನು ನಿಷೇಧಿಸಿತು. ೧೮೪೨ರಲ್ಲಿ ಅದನ್ನು ಅಡಗಿಸಲು ಬ್ರಿಟನ್ನಿನೊಡನೆ ಒಪ್ಪಂದ ಮಾಡಿಕೊಂಡಿತು. ಬ್ರಿಟಿಷ್ ಯುದ್ಧನೌಕೆಗಳು ಬಿಡಿಸಿದ ಆಫ್ರಿಕೆಯ ಮಕ್ಕಳು ಮುಂಬಯಿಗೆ ಬಂದರು. ಕೆಲವರು ನಾಸಿಕದ ಮಿಷನ್ ಶಾಲೆಯಲ್ಲಿ ಕಲಿತರು. ಹಾಗೆ ಕಲಿತ ಜೇಕಬ್ ವೇನ್‌ರೈಟ್ ಎಂಬಾತನು ೧೮೭೪ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ನರ ಪಾರ್ಥಿವ ಶರೀರದೊಡನೆ ಇಂಗ್ಲೆಂಡಿನವರೆಗೂ ಹೋದನು.

ಆದರೆ ಕಡಲಿನಲ್ಲಿ ತೋರಿದ ಶೌರ್ಯ ನೆಲದ ಮೇಲೆ ಕಾಣಲಿಲ್ಲ. ೧೮೩೩ರ ಗುಲಾಮಗಿರಿ ರದ್ದತಿಯ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳಿಗೆ ಅನ್ವಯಿಸಲಿಲ್ಲ. ೧೮೪೩ರ ಐದನೆಯ ಕಾಯಿದೆಯು ಗುಲಾಮನ ಮೇಲೆ ಒಡೆಯನ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂದಷ್ಟೇ ಹೇಳಿತು. ಮನುಷ್ಯನನ್ನು ಗುಲಾಮನನ್ನಾಗಿ ಕೊಳ್ಳುವುದೂ ಮಾರುವುದೂ ೧೮೬೦ರ ದಂಡಸಂಹಿತೆಯಲ್ಲಿ ಅಪರಾಧವಾಯಿತು. ಈ ನಡುವೆ ೧೮೩೪ರಿಂದಲೇ ನಮ್ಮ ದೇಶದ ಬಡವರನ್ನು ಕರಾರಿನ ಕೂಲಿಗಳನ್ನಾಗಿ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಹಡಗೇರಿಸುವ ಕೆಲಸ ಭರದಿಂದ ನಡೆದಿತ್ತು. ಪೋರ್ಚುಗಲ್ ೧೮೬೯ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದರೂ ಬಿಡುಗಡೆಯಾದವರು ೧೮೭೮ರವರೆಗೆ ಹಳೆಯ ಒಡೆಯರಿಗೇ ದುಡಿಯಬೇಕೆಂದು ವಿಧಿಸಿತು.

ಪ್ರಿಯರೇ, ಕಾನೂನುಗಳು ಹೀಗೆ ಕುಂಟುತ್ತಾ ಬರುತ್ತಿರುವಾಗ ಕೆಲವರು ಕಾನೂನಿಗಾಗಿ ಕಾಯಲಿಲ್ಲ. ಅವರು ರಾತ್ರಿಯ ವೇಳೆ ಗೋವೆಯ ಒಡೆಯರ ಮನೆಗಳನ್ನು ಬಿಟ್ಟು ಘಟ್ಟವನ್ನು ಹತ್ತಿದರು. ಹುಲಿ ಕರಡಿಗಳಿದ್ದ ಈ ಕಾಡು ಅವರಿಗೆ ಒಡೆಯನ ಅಂಗಳಕ್ಕಿಂತ ಹಿತವಾಗಿ ಕಂಡಿತು. ಅವರ ಸಂತತಿಯವರೇ ನಮ್ಮ ಸಿದ್ದಿಗಳು. ನಮ್ಮ ಖಾನಾಪುರ ತಾಲ್ಲೂಕಿನ ಅರಣ್ಯದಂಚಿನಲ್ಲಿ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಜೋಯಿಡಾಗಳಲ್ಲಿ, ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಅವರು ಬಾಳುತ್ತಿದ್ದಾರೆ. ಕೆಲವರು ಕ್ರೈಸ್ತರು, ಕೆಲವರು ಹಿಂದೂಗಳು, ಕೆಲವರು ಮುಸಲ್ಮಾನರು. ಮೂರು ಧರ್ಮದವರೂ ಒಂದೇ ಕುಲವೆಂದು ತಿಳಿದು, ಡಮಾಮಿಯ ತಾಳಕ್ಕೆ ಒಟ್ಟಾಗಿ ಹೆಜ್ಜೆ ಹಾಕುತ್ತಾರೆ. ಸಂಗೊಳ್ಳಿ ರಾಯಣ್ಣನ ಜೊತೆಯಲ್ಲಿ ಗಜವೀರನೆಂಬ ಸಿದ್ದಿ ವೀರನು ಹೋರಾಡಿದನೆಂದು ನಮ್ಮ ಸೀಮೆಯ ಜನರು ಇಂದಿಗೂ ಹೇಳುತ್ತಾರೆ. ೧೮೩೧ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವು ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಉತ್ತರ ಕನ್ನಡದ ಸಿದ್ದಿಗಳಿಗೆ ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳವರು ಅದಕ್ಕಾಗಿ ೨೦೨೦ರವರೆಗೆ ಕಾಯಬೇಕಾಯಿತು. ಘಟ್ಟ ಒಂದೇ, ಕಾಡು ಒಂದೇ, ನೆಂಟಸ್ತನ ಒಂದೇ. ಜಿಲ್ಲೆಯ ಗಡಿಕಲ್ಲು ಮಾತ್ರ ಬೇರೆ.

ಆ ಅಜ್ಜಿಗೆ ನಾವು ಅಂದು ಹೇಳಬೇಕಾಗಿದ್ದುದು ಇದು: ಅಜ್ಜೀ, ನಿಮ್ಮ ಹಿರಿಯರು ಸಮುದ್ರದಾಚೆಯ ಆಫ್ರಿಕೆಯಿಂದ ಬಂದವರು. ಅವರು ತಾವಾಗಿ ಬರಲಿಲ್ಲ. ಅವರನ್ನು ಕದ್ದು ತಂದರು. ಕದ್ದವರೊಡನೆ ನಮ್ಮ ಧರ್ಮದವರೂ ಇದ್ದರು. ಘಟ್ಟವನ್ನು ಮಾತ್ರ ನಿಮ್ಮ ಹಿರಿಯರು ತಮ್ಮ ಕಾಲಿನಿಂದ, ತಮ್ಮ ಇಚ್ಛೆಯಿಂದ ಹತ್ತಿದರು. ಬಾಗಿಲ ಬಳಿ ನಿಲ್ಲಬೇಡಿ, ಮುಂದೆ ಬನ್ನಿ.

ಸಂತ ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿ, ಓಡಿಬಂದ ಗುಲಾಮ ಒನೇಸಿಮನನ್ನು ಸಹೋದರನಂತೆ ಬರಮಾಡಿಕೊಳ್ಳಲು ಬೇಡುತ್ತಾರೆ. ಘಟ್ಟವೇರಿ ಬಂದವರೆಲ್ಲರೂ ಒನೇಸಿಮರು; ಆ ಪತ್ರ ಬಂದಿರುವುದು ನಮ್ಮ ವಿಳಾಸಕ್ಕೆ.

ಆದುದರಿಂದ ಈ ಶತಮಾನೋತ್ಸವದಲ್ಲಿ ಎರಡು ಕೆಲಸಗಳನ್ನು ನಿಮ್ಮ ಮುಂದಿಡುತ್ತೇವೆ. ಈ ಸಂಚಿಕೆಗಾಗಿ ಹಿರಿಯರ ಹೆಸರಿನ ಪಟ್ಟಿಯನ್ನು ಮಾಡುವಾಗ, ಹಣ ಕೊಟ್ಟವರ, ಜಾಗ ಕೊಟ್ಟವರ ಹೆಸರುಗಳು ಸುಲಭವಾಗಿ ಸಿಕ್ಕಿದವು. ಕಲ್ಲು ಹೊತ್ತವರ, ಮರ ಕಡಿದು ತಂದವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ನಿಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರನ್ನು ಕೇಳಿರಿ. ನೆನಪಿದ್ದ ಹೆಸರುಗಳನ್ನು, ಯಾವ ಜಾತಿಯವರೇ ಆಗಲಿ ಯಾವ ಧರ್ಮದವರೇ ಆಗಲಿ, ಬರೆದು ತನ್ನಿರಿ. ನವೆಂಬರ್ ೨ರಂದು, ಮೃತರೆಲ್ಲರ ಸ್ಮರಣೆಯ ದಿನ, ಅವನ್ನು ಬಲಿಪೂಜೆಯಲ್ಲಿ ಗಟ್ಟಿಯಾಗಿ ಓದೋಣ. ಹೆಸರನ್ನು ಕಳೆಯುವುದೇ ಗುಲಾಮಗಿರಿಯ ಮೊದಲ ಕೆಲಸ. ಹೆಸರಿಡಿದು ಕರೆಯುವುದೇ ಅದಕ್ಕೆ ನಮ್ಮ ಮೊದಲ ಪ್ರಾಯಶ್ಚಿತ್ತ.

ಎರಡನೆಯದು ಇಂದಿನ ಮಾತು. ಜೀತಪದ್ಧತಿಯನ್ನು ನಮ್ಮ ದೇಶ ೧೯೭೬ರ ಕಾಯಿದೆಯಿಂದ ನಿರ್ಮೂಲ ಮಾಡಿದೆ. ಆದರೂ ಒಳ್ಳೆಯ ಸಂಬಳದ ಆಸೆ ತೋರಿಸಿ ಬಡವರ ಮಕ್ಕಳನ್ನು ದೂರದ ಊರುಗಳಿಗೆ ಒಯ್ಯುವವರು ಇಂದಿಗೂ ಬರುತ್ತಾರೆ. ಅವರ ಬಳಿ ಹಡಗಿಲ್ಲ, ಸಂಕೋಲೆಯಿಲ್ಲ; ಸಿಹಿ ಮಾತು ಮತ್ತು ಸ್ವಲ್ಪ ಮುಂಗಡ ಹಣವಿದೆ. ಮಗಳನ್ನು ಕಳುಹಿಸುವ ಮುನ್ನ ಮನೆಯ ವಿಳಾಸ, ಒಡೆಯರ ಹೆಸರು, ಸಂಬಳ, ರಜೆ ಎಲ್ಲವನ್ನೂ ಕೇಳಿರಿ. ಕೇಳಲು ಸಂಕೋಚವಾದರೆ ನಮ್ಮ ಬಳಿಗೆ ಬನ್ನಿರಿ, ನಾವು ಕೇಳುತ್ತೇವೆ. ಸುಡಾನಿನಲ್ಲಿ ಬಾಲ್ಯದಲ್ಲೇ ಅಪಹರಣಕ್ಕೀಡಾಗಿ, ಹಲವು ಬಾರಿ ಮಾರಾಟವಾಗಿ, ಮುಂದೆ ಧರ್ಮಭಗಿನಿಯಾದ ಬಖೀತಾರನ್ನು ಧರ್ಮಸಭೆ ೨೦೦೦ದಲ್ಲಿ ಸಂತರ ಸಾಲಿಗೆ ಸೇರಿಸಿತು. ಆಕೆಯ ಹಬ್ಬವಾದ ಫೆಬ್ರುವರಿ ೮ರಂದು ಮಾನವ ಸಾಗಣೆಯ ವಿರುದ್ಧ ೨೦೧೫ರಿಂದ ಲೋಕದಾದ್ಯಂತ ಪ್ರಾರ್ಥನೆ ನಡೆಯುತ್ತಿದೆ. ನಮ್ಮ ಧರ್ಮಕೇಂದ್ರದಲ್ಲಿಯೂ ಅದು ಪ್ರತಿವರ್ಷ ನಡೆಯಲಿ.

ಈ ದೇವಾಲಯದ ಎರಡನೆಯ ಶತಮಾನ ಇಂದು ಆರಂಭವಾಗುತ್ತಿದೆ. ಇದರ ಕೊನೆಯಲ್ಲಿ ನಮ್ಮ ಸ್ಥಾನದಲ್ಲಿ ನಿಂತು ಮಾತನಾಡುವ ಗುರುಗಳಿಗೆ, ಬಾಗಿಲ ಬಳಿ ನಿಂತವರು ಯಾರೂ ಕಾಣದಿರಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.