ತಲೆಯ ಪೆಟ್ಟು ಬಿದ್ದ ಗಳಿಗೆಗೇ ಮುಗಿಯುವುದಿಲ್ಲ

(ತಿಕೋಟಾ ಭಾಗದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬೀಜ, ಗೊಬ್ಬರ, ಇಲ್ಲವೆ ದ್ರಾಕ್ಷಿಯ ಬೂದಿರೋಗದ ಮಾತು ಇದ್ದೇ ಇರುತ್ತದೆಂದು ತಾವು ಬಂದು ಕುಳಿತಿದ್ದೀರಿ. ಇಂದು ಆ ಮಾತನ್ನು ಬದಿಗಿಡೋಣ. ಒಂದು ವರ್ಷದ ಬೆಳೆ ಹೋದರೆ ಮರುವರ್ಷ ಬಂದೀತು. ಬೆಳೆಯುವವನ ತಲೆಗೇ ಪೆಟ್ಟಾದರೆ ಇಡೀ ಮನೆತನ ಕೂತುಬಿಡುತ್ತದೆ. ನಾನು ಡಾಕ್ಟರನಲ್ಲ, ಒಕ್ಕಲುತನದ ಡಿಪ್ಲೊಮಾ ಓದಿದವನು. ಆದರೂ ಈ ವಿಷಯವನ್ನು ಓದಿ, ತಿಳಿದವರನ್ನು ಕೇಳಿ ಬಂದಿದ್ದೇನೆ. ಅದಕ್ಕೆ ಕಾರಣವುಂಟು.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಒಬ್ಬರು ಮೇಲಿನ ಅಂತಸ್ತಿನಿಂದ ಜಾರಿ ಬಿದ್ದರು. ನಾನು ಅಲ್ಲಿಯೇ ನಿಂತಿದ್ದೆ. ರಕ್ತ ಬರಲಿಲ್ಲ. ಗಳಿಗೆ ಹೊತ್ತು ಮಂಕಾಗಿದ್ದು ಎದ್ದು ಕುಳಿತರು, ಚಹಾ ಕುಡಿದರು, “ಏನೂ ಆಗಿಲ್ಲ ಬಿಡ್ರಿ” ಎಂದರು. ನಾನು “ಮನೀಗೆ ಹೋಗಿ ಮಲಗ್ರಿ” ಎಂದು ಹೇಳಿ ಕಳಿಸಿದೆ. ರಾತ್ರಿ ಎರಡು ಸಲ ವಾಂತಿಯಾಯಿತು. ಪಿತ್ತವೆಂದು ಮನೆಯವರು ಲಿಂಬೆಯ ಶರಬತ್ತು ಕೊಟ್ಟರು. ಬೆಳಿಗ್ಗೆ ಎಷ್ಟು ಕೂಗಿದರೂ ಏಳಲಿಲ್ಲ. ವಿಜಯಪುರದ ದವಾಖಾನೆಗೆ ಮುಟ್ಟಿಸಿದಾಗ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಶಸ್ತ್ರಕ್ರಿಯೆಯಿಂದ ಜೀವ ಉಳಿಯಿತು, ಆದರೆ ಬಲಗೈಗೆ ಕತ್ತರಿ ಹಿಡಿಯುವ ಶಕ್ತಿ ತಿರುಗಿ ಬರಲಿಲ್ಲ. ಈಗ ಅವರ ಪಡದ ಚಾಟ್ನಿಯನ್ನು ಅವರ ಹೆಂಡತಿ ಮಾಡುತ್ತಾರೆ.

ಎದ್ದು ಕುಳಿತು ಚಹಾ ಕುಡಿದ ಮನುಷ್ಯನಿಗೆ ರಾತ್ರಿಯೊಳಗೆ ಹೀಗೇಕಾಯಿತು? ಇದನ್ನು ತಿಳಿಯುವುದು ಅವಶ್ಯ.

ಗಡಿಗೆಯಲ್ಲಿ ಗಿಣ್ಣ ಇಟ್ಟಂತೆ ತಲೆಬುರುಡೆಯೊಳಗೆ ಮೆದುಳು ಇದೆ. ಅಷ್ಟು ಮೆತ್ತಗಿನ ವಸ್ತು ಅದು. ಗಡಿಗೆ ಒಡೆಯದಿದ್ದರೂ ಜೋರಾಗಿ ಕುಲುಕಿದರೆ ಒಳಗಿನ ಗಿಣ್ಣ ಸೀಳುತ್ತದೆ. ಇದು ಮೊದಲನೆಯ ಪೆಟ್ಟು, ಕ್ಷಣದಲ್ಲಿ ಆಗಿಹೋಗುತ್ತದೆ. ಅನಂತರ ಬಾವು, ರಕ್ತಸ್ರಾವ, ಉರಿಯೂತ ಇವು ತಾಸುಗಟ್ಟಲೆ, ದಿನಗಟ್ಟಲೆ ನಡೆಯುತ್ತವೆ. ಇದು ಎರಡನೆಯ ಪೆಟ್ಟು. ನಮ್ಮ ಕೈಯಲ್ಲಿ ಏನಾದರೂ ಇದ್ದರೆ ಅದು ಈ ಎರಡನೆಯದನ್ನು ತಡೆಯುವುದರಲ್ಲಿದೆ.

ಈ ಎರಡನೆಯ ಪೆಟ್ಟು ಹಬ್ಬುವ ಒಂದು ದಾರಿಯನ್ನು ವಿಜ್ಞಾನಿಗಳು ಈಚಿನ ವರ್ಷಗಳಲ್ಲಿ ಕಂಡುಕೊಂಡಿದ್ದಾರೆ. ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ತನ್ನಿಂದ ಕಿರಿದಾದ ಚೀಲಗಳನ್ನು ಹೊರಗೆ ಬಿಡುತ್ತದೆ. ಇವಕ್ಕೆ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಎಂದು ಹೆಸರು. ನಾವು ಕಿರುಗಂಟು ಎನ್ನೋಣ. ಒಂದು ಮಿಲಿಮೀಟರ್ ಅಳತೆಯೊಳಗೆ ಇಂಥ 10,000 ಗಂಟುಗಳನ್ನು ಸಾಲಾಗಿ ಇಡಬಹುದು, ಅಷ್ಟು ಸಣ್ಣವು. 1967ರಲ್ಲಿ ಇಂಗ್ಲೆಂಡಿನ ಪೀಟರ್ ವುಲ್ಫ್ ಎಂಬವರು ರಕ್ತದಲ್ಲಿ ಇಂಥವನ್ನು ಕಂಡು ಧೂಳೆಂದು ಕರೆದರು. 1980ರ ದಶಕದಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ಅವರ ತಂಡ ಕುರಿಯ ರಕ್ತವನ್ನು ಪರೀಕ್ಷಿಸುವಾಗ, ಬೆಳೆಯುತ್ತಿರುವ ಕೆಂಪು ಕಣಗಳು ತಮಗೆ ಬೇಡವಾದುದನ್ನು ಹೀಗೆ ಗಂಟು ಕಟ್ಟಿ ಹೊರಹಾಕುವುದನ್ನು ಕಂಡಿತು. ಬಹುಕಾಲ ಇವನ್ನು ಕಸದ ಗಂಟೆಂದೇ ತಿಳಿದಿದ್ದರು. ಆದರೆ ಇವು ಬುತ್ತಿಯ ಗಂಟೂ ಹೌದು. ಒಂದು ಕೋಶ ಇನ್ನೊಂದಕ್ಕೆ ಸಾರಾಂಶವನ್ನೂ ಸಂದೇಶವನ್ನೂ ಇದರಲ್ಲಿ ಕಳಿಸುತ್ತದೆ. ಹಸುವಿನ ಹಾಲಿನಲ್ಲಿಯೂ ಇವೆ, ಗಿಡಗಳ ಕೋಶಗಳೂ ಇವನ್ನು ಬಿಡುತ್ತವೆ.

ಮೆದುಳಿಗೆ ಪೆಟ್ಟಾದಾಗ ಗಾಯಗೊಂಡ ಕೋಶಗಳು ಇಂಥ ಗಂಟುಗಳನ್ನು ರಾಶಿರಾಶಿಯಾಗಿ ಬಿಡುತ್ತವೆ. ಆಗ ಬುತ್ತಿಯ ಬದಲು ಕೆಂಡ ಕಟ್ಟಿ ಕಳಿಸಿದಂತಾಗುತ್ತದೆ. ಮೆದುಳಿನ ಕಾವಲು ಕೋಶಗಳ ಗಂಟುಗಳು ಗಾಯವಾಗದ ಭಾಗಕ್ಕೂ ಉರಿಯೂತವನ್ನು ಒಯ್ಯುತ್ತವೆ. ಮೆದುಳಿಗೂ ರಕ್ತಕ್ಕೂ ನಡುವೆ ಒಂದು ಒಡ್ಡು ಇದೆ. ಪೆಟ್ಟಿಗೆ ಅದು ಬಿರಿದಾಗ ಈ ಗಂಟುಗಳು ರಕ್ತಕ್ಕೆ ಇಳಿಯುತ್ತವೆ. ಅವುಗಳ ಮೈಮೇಲಿನ ಒಂದು ಬಗೆಯ ಜಿಡ್ಡು ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಮೇಲಿನ ಹೊಲದವನು ಕಾಲುವೆಯ ನೀರನ್ನೆಲ್ಲ ತಿರುವಿಕೊಂಡರೆ ಕೊನೆಯ ಹೊಲ ಒಣಗುವುದಿಲ್ಲವೆ? ಹಾಗೆಯೇ ಹೆಪ್ಪುಗಟ್ಟಿಸುವ ಸಾಮಗ್ರಿ ಬೇಡದ ಕಡೆ ಮುಗಿದುಹೋಗಿ, ಬೇಕಾದ ಕಡೆ ರಕ್ತ ನಿಲ್ಲುವುದಿಲ್ಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ತಲೆಗೆ ಪೆಟ್ಟಾದ ರೋಗಿಗಳ ರಕ್ತದಲ್ಲಿಯೂ ಇಂಥ ಗಂಟುಗಳು ಹೆಚ್ಚಿದ್ದನ್ನು ನೋಡಿದ್ದಾರೆ.

ಇದರಲ್ಲಿ ಒಳ್ಳೆಯ ಸುದ್ದಿಯೂ ಇದೆ. ರಕ್ತದೊಳಗಿನ ಗಂಟನ್ನು ಬಿಚ್ಚಿ ನೋಡಿ ಮೆದುಳಿನ ಗಾಯ ಎಷ್ಟೆಂದು ತಿಳಿಯುವ ಪ್ರಯತ್ನ ನಡೆದಿದೆ. ಮೂಲಕೋಶಗಳು ಬಿಡುವ ಗಂಟುಗಳನ್ನು ಕೊಟ್ಟಾಗ ಪೆಟ್ಟಾದ ಇಲಿಗಳು ಚೇತರಿಸಿಕೊಂಡದ್ದೂ ಉಂಟು. ಆದರೆ ಇದು ಇನ್ನೂ ಪ್ರಯೋಗಶಾಲೆಯ ಮಾತು, ದವಾಖಾನೆಯ ಚಿಕಿತ್ಸೆಯಾಗಿಲ್ಲ. ಇದರ ಹೆಸರು ಹೇಳಿ ಯಾರಾದರೂ ಸೂಜಿ ಮಾರಲು ಬಂದರೆ ಹೊಲ ಅಡವಿಟ್ಟು ಹಣ ಕೊಡಬೇಡಿರಿ.

ಇಂದು ನಮ್ಮ ಕೈಯಲ್ಲಿರುವ ದೊಡ್ಡ ಮದ್ದು ಎಂದರೆ ಹೊತ್ತು. ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವನ್ನು 12,000ಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದ ವರದಿ 2019ರಲ್ಲಿ ಹೊರಬಂದಿತು. ಪೆಟ್ಟು ತೀರ ಭಾರಿಯಲ್ಲದವರಿಗೆ 3 ತಾಸಿನೊಳಗೆ ಕೊಟ್ಟಾಗ ಸಾವು ಕಡಿಮೆಯಾಯಿತು. ತಡವಾದಷ್ಟೂ ಗುಣ ತಗ್ಗಿತು. ಆ ಔಷಧ ಕೊಡುವುದು ಬಿಡುವುದು ಡಾಕ್ಟರರ ಕೆಲಸ. ಹೊತ್ತಿಗೆ ಮುಟ್ಟಿಸುವುದು ನಮ್ಮ ಕೆಲಸ. ಅದಕ್ಕಾಗಿ ಈ ಮಾತುಗಳನ್ನು ನೆನಪಿನಲ್ಲಿಡಿರಿ:

1. ತಲೆಗೆ ಪೆಟ್ಟಾಗಿ ಒಂದು ಗಳಿಗೆ ಎಚ್ಚರ ತಪ್ಪಿದರೂ, ಮಂಕಾದರೂ ದವಾಖಾನೆಗೆ ಒಯ್ಯಿರಿ. ರಕ್ತ ಬಂದಿಲ್ಲವೆಂದು ಧೈರ್ಯ ತಾಳಬೇಡಿರಿ.

2. ಮರಳಿ ಮರಳಿ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ತೊದಲು ಮಾತು, ಕೈಕಾಲು ಸೋಲುವುದು, ಸೆಳವು, ಕಿವಿ ಮೂಗಿನಿಂದ ನೀರು ಇಲ್ಲವೆ ರಕ್ತ, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು – ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿರಿ.

3. ವಯಸ್ಸಾದವರು, ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಸಣ್ಣ ಪೆಟ್ಟಿಗೂ ತೋರಿಸಿಕೊಳ್ಳಬೇಕು. ಕುಡಿದು ಬಿದ್ದವನನ್ನು “ಅಮಲು ಇಳಿದರೆ ಏಳುತ್ತಾನೆ” ಎಂದು ಬಿಟ್ಟುಬಿಡಬೇಡಿರಿ.

4. ಉಳ್ಳಾಗಡ್ಡಿ ಮೂಸಿಸುವುದು, ನೀರು ಕುಡಿಸುವುದು, ಎತ್ತಿ ಕೂಡಿಸುವುದು ಬೇಡ. ಕುತ್ತಿಗೆ ಅಲುಗದಂತೆ ಹಿಡಿಯಿರಿ. ವಾಂತಿಯಾದರೆ ತಲೆ, ಕುತ್ತಿಗೆ, ಮೈ ಒಟ್ಟಾಗಿ ಮಗ್ಗುಲಿಗೆ ತಿರುಗಿಸಿರಿ.

5. 108ಕ್ಕೆ ಫೋನು ಮಾಡಿರಿ. ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರ ದೂರವಿಲ್ಲ, ತಲೆಯ ಸ್ಕ್ಯಾನ್ ಅಲ್ಲಿಯೇ ಆಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ದೊಡ್ಡ ಸಂಸ್ಥೆ ನಿಜ, ಆದರೆ ಅದು 500 ಕಿಲೋಮೀಟರಿಗೂ ಆಚೆ ಇದೆ. ಮೊದಲು ಹತ್ತಿರದ ದವಾಖಾನೆ ಸೇರಬೇಕು.

6. ದಾರಿಯಲ್ಲಿ ಬಿದ್ದವರನ್ನು ಎತ್ತಿ ಒಯ್ದರೆ ಪೊಲೀಸರ ತೊಡಕು ಎಂದು ಅಂಜಬೇಡಿರಿ. ಸದ್ಭಾವನೆಯಿಂದ ಸಹಾಯ ಮಾಡಿದವರಿಗೆ 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ರಕ್ಷಣೆ ಕೊಟ್ಟಿದೆ.

ಪೆಟ್ಟೇ ಆಗದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಗಾಡಿ ಹತ್ತುವವರಿಬ್ಬರೂ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಿರಿ. ಟ್ರೇಲರಿನ ಕಬ್ಬಿನ ಮೇಲೆ ಆಳುಗಳನ್ನು ಕೂಡಿಸಬೇಡಿರಿ. ಶೆಡ್ಡಿನ ಅಂತಸ್ತಿಗೆ ಅಡ್ಡಗಳ ಕಟ್ಟಿರಿ. ಒಂದು ಗಳಕ್ಕೆ ಎಷ್ಟು ಖರ್ಚು?

ಇಂದು ಮನೆಗೆ ಹೋಗುವ ಮೊದಲು ಒಂದು ಕೆಲಸ ಮಾಡೋಣ. ಅಪರಾತ್ರಿಯಲ್ಲಿ ಕರೆದರೂ ಗಾಡಿ ತೆಗೆಯಲು ಒಪ್ಪುವ ನಾಲ್ಕು ಜನರ ಹೆಸರು, ಫೋನ್ ನಂಬರು ಬರೆದು ಪಂಚಾಯಿತಿಯ ಗೋಡೆಗೆ ಹಚ್ಚೋಣ. ಮೊದಲನೆಯ ಹೆಸರು ನನ್ನದಿರಲಿ. ಆ ಸಂಜೆ ಶೆಡ್ಡಿನಲ್ಲಿ ನನ್ನ ಮೋಟಾರ್ ಸೈಕಲ್ ಹೊರಗೇ ನಿಂತಿತ್ತು.