ಕಬಿನಿಯ ಹಿನ್ನೀರಿನಲ್ಲಿ ಪುನ್ನಾಟ

ಮೆಡಿಟರೇನಿಯನ್ ಕಡಲ ದಂಡೆಯ ರೋಮನ್ ಅವಶೇಷಗಳನ್ನು ನೋಡಿಬರಲು ಈಗ ನಮ್ಮ ಕಡೆಯವರೂ ಹೋಗುತ್ತಾರೆ. ಹೋಗಲಿ, ನೋಡಲಿ. ಆದರೆ ಆ ರೋಮನ್ ಜಗತ್ತಿಗೆ ಹೆಸರು ಹಿಡಿದು ಗೊತ್ತಿದ್ದ ನಾಡೊಂದು ನಮ್ಮ ಹೆಗ್ಗಡದೇವನಕೋಟೆಯ ಸೀಮೆಯಲ್ಲೇ ಇತ್ತು. ಕ್ರಿ.ಶ. ಎರಡನೇ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ದಕ್ಷಿಣ ಭಾರತದ ಒಳನಾಡಿನ ಊರುಗಳನ್ನು ಪಟ್ಟಿ ಮಾಡುತ್ತಾ 'ಪೌನ್ನಾಟ' ಎಂದು ಬರೆದು, ಅಲ್ಲಿ ಬೆರಿಲ್ ಎಂಬ ಹರಳು ಸಿಗುತ್ತದೆ ಎಂದು ಸೇರಿಸಿದ. ವಿದ್ವಾಂಸರು ಅದನ್ನು ನಮ್ಮ ಪುನ್ನಾಟವೆಂದು ಗುರುತಿಸಿದ್ದಾರೆ. ಪುನ್ನಾಟದ ರಾಜಧಾನಿ ಕಿತ್ತಿಪುರ ಅಥವಾ ಕೀರ್ತಿಪುರ, ಅಂದರೆ ಕಬಿನಿ ದಂಡೆಯ ಕಿತ್ತೂರು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರು ಆ ನೆಲವನ್ನು ಆವರಿಸಿತು. ಮುಳುಗಿತು ಎಂದ ಮಾತ್ರಕ್ಕೆ ಆ ಊರಿನ ಲೆಕ್ಕ ಮುಗಿಯಲಿಲ್ಲ, ನೀರು ಇಳಿದಾಗಲೆಲ್ಲ ಅಲ್ಲಿ ಕ್ರಮವಾಗಿ ಸರ್ವೇ ನಡೆಯಬೇಕು ಎಂಬುದು ನನ್ನ ವಾದ.

ಹೆಸರು ಹೊಂದುತ್ತದೆ ಎಂದ ಮಾತ್ರಕ್ಕೆ ಟಾಲೆಮಿಯ ಪೌನ್ನಾಟ ಇದೇ ಎಂದು ಹೇಗೆ ನಂಬುವುದು, ಬೆರಿಲ್ ಗಣಿ ಇದ್ದದ್ದು ಕೊಯಮತ್ತೂರು ಕಡೆಯ ಪಡಿಯೂರಿನಲ್ಲಲ್ಲವೇ ಎಂದು ಕೇಳುವವರಿದ್ದಾರೆ. ತೂಕದ ಪ್ರಶ್ನೆ. ಪುನ್ನಾಟದ ಅರಸ ರವಿದತ್ತ ಕಿತ್ತಿಪುರದಿಂದ ಹೊರಡಿಸಿದ ತಾಮ್ರಶಾಸನ ಸಿಕ್ಕಿದ್ದು ಆ ಕಡೆಗೇ ಸೇರಿದ ಕೋಮರಲಿಂಗಂನಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಕಬಿನಿ ಕಣಿವೆಗೂ ಕೊಯಮತ್ತೂರು ಸೀಮೆಯ ಕೊಂಗುನಾಡಿಗೂ ಹೋಗಿಬರುವ ದಾರಿ ಇತ್ತು. ಆ ಕೊಂಗುನಾಡಿನಲ್ಲೇ ರೋಮನ್ ನಾಣ್ಯಗಳ ನಿಧಿಗಳು ರಾಶಿರಾಶಿಯಾಗಿ ಸಿಕ್ಕಿವೆ, ಕೊಡುಮಣಲ್‌ನಲ್ಲಿ ಹರಳು ಕೊರೆಯುವ ಕಾರ್ಯಾಗಾರಗಳೇ ಸಿಕ್ಕಿವೆ. ಬೆರಿಲ್ ಕಡಲ ನೀರಿನ ಹಸಿರು ಬಣ್ಣದ್ದು, ಭೂಮಿಯೊಳಗೆ ಬೆಳೆಯುವಾಗಲೇ ಆರು ಮುಖದ ಕಂಬದಂತೆ ಬೆಳೆಯುವಂಥದ್ದು. ಭಾರತ ಬಿಟ್ಟರೆ ಬೇರೆಡೆ ಇದು ಸಿಗುವುದು ಅಪರೂಪ, ಮಂಕಾದ ಬಣ್ಣಕ್ಕೆ ಕಳೆ ಬರಲೆಂದು ಅದನ್ನು ಆರು ಮೂಲೆಯಾಗಿ ಕೊರೆಯುತ್ತಾರೆ ಎಂದು ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಗಣಿ ಯಾವ ಊರಿನದೇ ಇರಲಿ, ಹರಳು ಯಾವ ನಾಡಿನದೆಂದು ವ್ಯಾಪಾರಿಗಳು ಹೇಳುತ್ತಿದ್ದರೋ ಆ ಹೆಸರೇ ಅಲೆಕ್ಸಾಂಡ್ರಿಯಾದವರೆಗೆ ಹೋಗಿದ್ದಿರಬೇಕು. ಸಂದೇಹ ಪೂರ್ತಿ ಪರಿಹಾರವಾಗಬೇಕಾದರೆ ಕಿತ್ತೂರಿನ ಮಣ್ಣನ್ನೇ ಕೇಳಬೇಕು. ಸರ್ವೇ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಅಲ್ಲಿ ನೋಡಲು ಏನಿದೆ ಎಂಬುದು ಇನ್ನೊಂದು ಆಕ್ಷೇಪ. ರೋಮನ್ನರ ಬಯಲು ರಂಗಮಂದಿರಗಳಂಥವು ಇಲ್ಲ, ನಿಜ. ನೀರು ತೀರ ತಗ್ಗಿದ ಬೇಸಿಗೆಗಳಲ್ಲಿ ರವಿರಾಮೇಶ್ವರ ದೇಗುಲದ ಕಲ್ಲು ಕಟ್ಟಡ ಮೇಲೆ ಕಾಣುತ್ತದೆ. ಆದರೆ ಊರಿನ ಹಿರಿಮೆಯನ್ನು ನಿಂತ ಗೋಡೆಯಿಂದಷ್ಟೇ ಅಳೆದರೆ ಇಟ್ಟಿಗೆ, ಮಣ್ಣು, ಮರದಲ್ಲಿ ಕಟ್ಟಿಕೊಂಡು ಬಾಳಿದವರೆಲ್ಲ ಚರಿತ್ರೆಯಿಂದ ಹೊರಗುಳಿಯುತ್ತಾರೆ. ಗಂಗರ ಅರಸ ಅವಿನೀತ ಮದುವೆಯಾದದ್ದು ಪುನ್ನಾಟದ ಅರಸ ಸ್ಕಂದವರ್ಮನ ಮಗಳನ್ನು. ಅವಳ ಮಗ ದುರ್ವಿನೀತ. ಕವಿರಾಜಮಾರ್ಗ ಹೆಸರಿಸುವ ಹಳೆಯ ಗದ್ಯಕಾರರಲ್ಲಿ ಒಬ್ಬ ದುರ್ವಿನೀತ ಇವನೇ ಎಂದು ಬಹಳ ಮಂದಿ ಒಪ್ಪುತ್ತಾರೆ. 783ರಲ್ಲಿ ಗುಜರಾತಿನ ಕಡೆ ಹರಿವಂಶಪುರಾಣ ಬರೆದ ಜೈನ ಮುನಿ ಜಿನಸೇನ ತನ್ನನ್ನು ಪುನ್ನಾಟ ಸಂಘದವನೆಂದು ಹೇಳಿಕೊಂಡ. ಅಷ್ಟು ದೂರ ಹೋದ ಮುನಿಗಳೂ ಈ ನಾಡಿನ ಹೆಸರನ್ನು ಬಿಟ್ಟುಕೊಡಲಿಲ್ಲ. ಹೆಗ್ಗಡದೇವನಕೋಟೆ, ಹುಣಸೂರಿನ ಶಾಲೆಯ ಮಕ್ಕಳು ಕೊಲೋಸಿಯಂ ಚಿತ್ರ ನೋಡಿದ ಕೂಡಲೇ ಗುರುತಿಸುತ್ತಾರೆ. ಪುನ್ನಾಟವೂ ಅವರಿಗೆ ಅಷ್ಟೇ ಗೊತ್ತಿರಬೇಕು.

ಅಣೆಕಟ್ಟೆಯೇ ಬೇಡವಾಗಿತ್ತೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಬೇಕಾಗಿತ್ತು ಎಂದೇ. ಗದ್ದೆಗೆ ನೀರು, ಊರುಗಳಿಗೆ ಕುಡಿಯುವ ನೀರು ಸಣ್ಣ ಮಾತಲ್ಲ; ಅದಕ್ಕಾಗಿ ಮನೆಮಠ ಬಿಟ್ಟು ಎದ್ದುಹೋದವರ ತ್ಯಾಗವೂ ಸಣ್ಣದಲ್ಲ. ಕೃಷ್ಣಾ ನದಿಗೆ ಅಣೆಕಟ್ಟೆ ಕಟ್ಟುವಾಗ, ಇಕ್ಷ್ವಾಕು ಅರಸರ ರಾಜಧಾನಿಯಿದ್ದ ನಾಗಾರ್ಜುನಕೊಂಡ ಕಣಿವೆಯನ್ನು 1954ರಿಂದ 1960ರವರೆಗೆ ಅಗೆದು ದಾಖಲಿಸಿ, ಮುಖ್ಯ ಕಟ್ಟಡಗಳನ್ನು ಮೇಲಿನ ಗುಡ್ಡಕ್ಕೆ ಸಾಗಿಸಿದರು. ನೀರೂ ಸಿಕ್ಕಿತು, ಚರಿತ್ರೆಯೂ ಉಳಿಯಿತು. ಇಟಲಿಯ ನೇಪಲ್ಸ್ ಬಳಿಯ ಬಯಾ ಎಂಬ ರೋಮನ್ ಊರು, ಜ್ವಾಲಾಮುಖಿ ಸೀಮೆಯ ನೆಲ ಕುಸಿದು ಕಡಲಿನೊಳಗೆ ಸೇರಿಹೋಗಿದೆ. ಅದನ್ನು ಮುಳುಗಿದ ಜಾಗದಲ್ಲೇ ಕಾಪಾಡಿ, ಗಾಜಿನ ತಳದ ದೋಣಿಯಲ್ಲಿ ಕೂರಿಸಿ ಜನರಿಗೆ ತೋರಿಸುತ್ತಾರೆ. ನಮ್ಮಲ್ಲೂ ಮಾದರಿಯಿಲ್ಲದೆ ಇಲ್ಲ. 1898ರಲ್ಲೇ ಬಿ.ಎಲ್. ರೈಸ್ ಹೆಗ್ಗಡದೇವನಕೋಟೆ, ಹುಣಸೂರು ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕಲ್ಲು ಒಡೆದರೂ ನೀರಿಗೆ ಬಿದ್ದರೂ ಅದರ ಪಾಠವನ್ನು ನಾವು ಇಂದೂ ಓದಬಹುದಾದದ್ದು ಅದರಿಂದಲೇ.

ಈ ಕೆಲಸಕ್ಕೆ ಬೇಕಾದವರೆಲ್ಲ ದೂರವೇನಿಲ್ಲ. ರಾಜ್ಯದ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ, ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗವಿರುವ ವಿಶ್ವವಿದ್ಯಾನಿಲಯವೂ ಅಲ್ಲೇ ಇದೆ. ಹಿನ್ನೀರು ನಾಗರಹೊಳೆ ಕಾಡಿಗೆ ತಾಗಿಕೊಂಡಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯೂ ಜೊತೆಯೂ ಬೇಕು. ಕಬಿನಿಯ ನೀರು ತಗ್ಗುವುದು ಏಪ್ರಿಲ್, ಮೇ ತಿಂಗಳಲ್ಲಿ. ವಯನಾಡಿನಲ್ಲಿ ಮುಂಗಾರು ಹಿಡಿದರೆ ಮತ್ತೆ ಏರುತ್ತದೆ. ಆದ್ದರಿಂದ ಯುಗಾದಿಯ ಹೊತ್ತಿಗೇ ಅನುಮತಿ ಪತ್ರ ಕೈಯಲ್ಲಿರಬೇಕು. ಮೊದಲು ದೇಗುಲದ ಸುತ್ತಿನ ನಕ್ಷೆಯಾಗಲಿ, ಮಣ್ಣಿನ ಮೇಲೆ ಬಿದ್ದ ಇಟ್ಟಿಗೆ, ಮಡಕೆ ಚೂರು, ಮಣಿಗಳನ್ನು ಸಿಕ್ಕ ಜಾಗದ ಗುರುತಿನೊಂದಿಗೆ ದಾಖಲಿಸಲಿ. ಅಲ್ಲಿಂದ ಎದ್ದುಬಂದ ಹಿರಿಯರು ಇರುವಾಗಲೇ, ಯಾವ ಬೀದಿ ಎಲ್ಲಿತ್ತು ಎಂದು ಅವರ ಬಾಯಿಂದ ಕೇಳಿ ಬರೆದಿಡಲಿ.