ಪ್ರಾಯದಲ್ಲಿ ಕಣ್ಣು ಮಬ್ಬಾದರೆ
(ತುಮರಿಯ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕೊಳೆರೋಗದ ಮಾತು ಮುಗಿಯಿತು. ಇನ್ನು ಐದು ನಿಮಿಷ ಕಣ್ಣಿನ ಒಂದು ರೋಗದ ವಿಷಯ ಹೇಳುತ್ತೇನೆ. ನಾನು ವೈದ್ಯನಲ್ಲ, ಕೃಷಿ ಓದಿದವನು. ಆದರೂ ದುಡಿಯುವ ವಯಸ್ಸಿನ ಮಗನ ಕಣ್ಣನ್ನೇ ಹಿಡಿಯುವ ರೋಗವಾದ್ದರಿಂದ ನೀವು ತಿಳಿದಿರಬೇಕು.

ಮುದುಕರ ಕಣ್ಣಿಗೆ ಪೊರೆ ಬರುವುದು ನಿಮಗೆಲ್ಲ ಗೊತ್ತು. ಇದು ಪೊರೆಯಲ್ಲ. ನೋಟವನ್ನು ಕಣ್ಣಿನಿಂದ ಮೆದುಳಿಗೆ ಒಯ್ಯುವ ನರವೇ ಇಲ್ಲಿ ಸೊರಗುತ್ತದೆ. ಹದಿನೈದರಿಂದ ಮೂವತ್ತೈದರ ಪ್ರಾಯದಲ್ಲಿ ಹೆಚ್ಚು. ನೋವಿಲ್ಲ, ಕೆಂಪಿಲ್ಲ. ಒಂದು ಕಣ್ಣಿನ ನಟ್ಟನಡುವೆ ಮಬ್ಬು ಕವಿಯುತ್ತದೆ. ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಇನ್ನೊಂದು ಕಣ್ಣಿಗೂ ಬರುತ್ತದೆ. ಎದುರಿಗಿರುವವರ ಮುಖ ಕಾಣದು, ಬದಿಯ ಬೇಲಿ ಕಾಣುತ್ತದೆ. ಹಣ್ಣಡಿಕೆ ಯಾವುದು, ಹಸಿರು ಕಾಯಿ ಯಾವುದು ಎಂದು ತಿಳಿಯದು. ಕನ್ನಡಕ ಹಾಕಿದರೂ ಸರಿಹೋಗದು. ಹುಡುಗ ದಾರಿ ನಡೆಯುತ್ತಾನೆ, ಪುಸ್ತಕ ಓದಲಾರ. ಇದನ್ನು ಕಂಡು ‘ಸೋಗು ಹಾಕುತ್ತಾನೆ’ ಎಂದು ಬೈಯಬೇಡಿ.

೧೮೭೧ರಲ್ಲಿ ಜರ್ಮನಿಯ ಲೇಬರ್ ಎಂಬ ಕಣ್ಣಿನ ವೈದ್ಯರು ಈ ರೋಗವನ್ನು ವಿವರಿಸಿದರು. ಮೂಲ ಸಿಕ್ಕಿದ್ದು ೧೯೮೮ರಲ್ಲಿ. ನಮ್ಮ ಮೈಯ ಜೀವಕಣಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿ ದೋಷವಿರುತ್ತದೆ. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುತ್ತದೆ. ಬೀಜದಡಿಕೆಗೆ ತಾಯಿಮರ ನೋಡುವ ನಿಮಗೆ ಈ ಮಾತು ಹೊಸದಲ್ಲ. ಆದರೆ ದೋಷ ಹೊತ್ತವರೆಲ್ಲರ ನೋಟ ಹೋಗುವುದಿಲ್ಲ. ಗಂಡಸರಿಗೆ ಹೆಚ್ಚು, ಹೆಂಗಸರಿಗೆ ಕಡಿಮೆ. ತಾಯಿಗೆ ಎಷ್ಟೋ ಸಲ ಏನೂ ಆಗಿರುವುದಿಲ್ಲ. ಸೊಸೆ ರೋಗ ತಂದಳೆಂದು ದೂರುವುದು ಅನ್ಯಾಯ. ಅದರ ಬದಲು ಸೋದರಮಾವನಿಗೆ, ದೊಡ್ಡಮ್ಮನ ಮಗನಿಗೆ ಹೀಗಾಗಿತ್ತೇ ಎಂದು ನೆನಪು ಮಾಡಿ ವೈದ್ಯರಿಗೆ ಹೇಳಿ.

ಮೊದಮೊದಲು ಕಣ್ಣನ್ನು ಪರೀಕ್ಷಿಸಿದರೂ ಏನೂ ತೋರದಿರಬಹುದು. ರಕ್ತ ಪರೀಕ್ಷೆಯಿಂದ ದೋಷ ತಿಳಿಯುತ್ತದೆ. ಮುಖ್ಯವಾದ ದೋಷಗಳು ಮೂರು. ೧೪೪೮೪ ಎಂಬ ಸಂಖ್ಯೆಯದಾದರೆ ನೋಟ ತಾನಾಗಿ ಮರಳುವ ಸಂಭವ ಹೆಚ್ಚು. ೧೧೭೭೮ ಆದರೆ ಕಡಿಮೆ. ಮರಳುವುದಾದರೂ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಐಡಿಬಿನೋನ್ ಎಂಬ ಔಷಧಿಗೆ ೨೦೧೫ರಲ್ಲಿ ಯೂರೋಪಿನಲ್ಲಿ ಒಪ್ಪಿಗೆ ದೊರೆಯಿತು. ಕೆಲವರಿಗೆ ಅದು ಗುಣ ಕೊಟ್ಟಿದೆ, ಎಲ್ಲರಿಗೂ ಅಲ್ಲ.

ಬೀಡಿ, ಸಾರಾಯಿಗಳನ್ನು ಆ ಮನೆಯ ಮಕ್ಕಳು ಮುಟ್ಟಬಾರದು. ಅಡಿಕೆಯ ಸೀಮೆಯಲ್ಲಿ ನಿಂತು ಕವಳ ಬಿಡಿ ಎಂದರೆ ನಗುತ್ತೀರಿ. ಅದರೊಳಗಿನ ಹೊಗೆಸೊಪ್ಪನ್ನಾದರೂ ಬಿಡಿ. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಮಾತ್ರೆಯೂ ಕೆಲವರ ಕಣ್ಣಿನ ನರವನ್ನು ಕೆಡಿಸಬಲ್ಲದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಮಬ್ಬು ಕಂಡ ದಿನವೇ ವೈದ್ಯರಿಗೆ ತಿಳಿಸಿ.

ಹೀಗೆಯೇ ತೋರುವ ಬೇರೆ ರೋಗಗಳೂ ಇವೆ. ಕೆಲವು ಬೇಗ ಮದ್ದು ಮಾಡಿದರೆ ವಾಸಿಯಾಗುತ್ತವೆ. ಆದ್ದರಿಂದ ಕಣ್ಣಿಗೆ ಸೊಪ್ಪಿನ ರಸ ಹಿಂಡುತ್ತ ಕೂರಬೇಡಿ. ೨೦೨೫ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ನೆಪವೂ ಇಲ್ಲ. ಮೊದಲು ಸಾಗರ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಅಥವಾ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಚೀಟಿ ಕೇಳಿ.

ನೋಟ ಕುಂದಿದವನನ್ನು ಅಡಿಕೆ ಮರ ಹತ್ತಿಸಬೇಡಿ. ಬದಿಯ ನೋಟ ಉಳಿದಿರುವುದರಿಂದ ಕೊಟ್ಟಿಗೆ, ತೋಟದ ಎಷ್ಟೋ ಕೆಲಸ ಅವನು ಮಾಡಬಲ್ಲ. ಸರಕಾರದ ಅಂಗವಿಕಲ ಗುರುತಿನ ಚೀಟಿಗೂ ಅರ್ಜಿ ಹಾಕಬಹುದು. ಬರೆಯಲು ತಿಳಿಯದಿದ್ದರೆ ಪಂಚಾಯತಿ ಕಚೇರಿಗೆ ಬನ್ನಿ, ನಾನು ಬರೆದುಕೊಡುತ್ತೇನೆ.